ಎಂಎಸ್ಸಿ, ಪಿಎಚ್‌ಡಿ ಮುಗಿಯುವ ಮೊದಲೇ ಕಟ್ಟಿಕೊಳ್ಳಬೇಕಾದ ಬುತ್ತಿ

ಕಲಬುರಗಿಯಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣದಲ್ಲೋ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೋ, ಬೀದರಿನಲ್ಲೋ ವಿಜ್ಞಾನ ಓದುತ್ತಿರುವವರಿಗೆ, ಯಾದಗಿರಿ, ವಾಡಿ, ಶಹಾಬಾದಿನಿಂದ ದಿನಾ ರೈಲಿಗೆ ಓಡಾಡುವವರಿಗೆ, ಪಾಠದಾಚೆ ಕಲಿಯುವ ದಾರಿಗಳು ಕಡಿಮೆಯೇನಿಲ್ಲ. ಬೇಸಿಗೆ ಫೆಲೋಶಿಪ್ ಇದೆ, ದೊಡ್ಡ ಲ್ಯಾಬುಗಳ ಉಪಕರಣ ಇದೆ, ಪುಕ್ಕಟೆ ಕೋರ್ಸ್ ಇದೆ. ಇವು ಕೈತಪ್ಪುವುದು ಬುದ್ಧಿ ಸಾಲದೆ ಅಲ್ಲ. ಅರ್ಜಿಯ ಸುದ್ದಿ ಕಿವಿಗೆ ಬೀಳುವಾಗ ಕೊನೆಯ ದಿನಕ್ಕೆ ಮೂರೇ ದಿನ ಉಳಿದಿರುತ್ತದೆ, ಶಿಫಾರಸು ಪತ್ರ ಬರೆಯಬೇಕಾದ ಸರ್ ಊರಲ್ಲಿರುವುದಿಲ್ಲ, ಆಧಾರ್‌ನಲ್ಲಿ ಹೆಸರು ಬೇರೆ ಇರುತ್ತದೆ. ಹೀಗಾಗಿ ಈ ಬರಹದಲ್ಲಿ ಅವಕಾಶಗಳ ಪಟ್ಟಿಗಿಂತ, ಅವನ್ನು ಹಿಡಿಯಲು ಯಾವಾಗ ಏನು ಮಾಡಬೇಕು ಎಂಬುದೇ ಹೆಚ್ಚಿದೆ.

ಮೊದಲು ಕಾಗದಪತ್ರ

ಮೊದಲ ಸೆಮಿಸ್ಟರಿನಲ್ಲೇ ಒಂದು ಭಾನುವಾರ ಕುಳಿತು ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪದವಿ ಅಂಕಪಟ್ಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ನಾಲ್ಕನ್ನೂ ಪಕ್ಕಪಕ್ಕ ಇಡಿ. ಹೆಸರಿನ ಕಾಗುಣಿತ, ತಂದೆಯ ಹೆಸರು, ಅಡ್ಡಹೆಸರು, ಇನಿಶಿಯಲ್, ಜನ್ಮದಿನಾಂಕ ಅಕ್ಷರಶಃ ಒಂದೇ ಇವೆಯೇ ನೋಡಿ. ನಮ್ಮ ಕಡೆ ಆಗುವ ಸಾಮಾನ್ಯ ತೊಂದರೆ ಎಂದರೆ ಎಸ್ಸೆಸ್ಸೆಲ್ಸಿಯಲ್ಲಿ ಬರೀ ಹೆಸರಿದ್ದು, ಆಧಾರ್‌ನಲ್ಲಿ ಮನೆತನದ ಹೆಸರೂ ಸೇರಿರುವುದು. ಸರಿಪಡಿಸುವಾಗ ಆಧಾರನ್ನು ಎಸ್ಸೆಸ್ಸೆಲ್ಸಿಗೆ ಹೊಂದಿಸಿ, ಎಸ್ಸೆಸ್ಸೆಲ್ಸಿಯನ್ನು ಆಧಾರ್‌ಗೆ ಹೊಂದಿಸಲು ಹೋಗಬೇಡಿ. ಮುಂದಿನ ಎಲ್ಲ ಅಂಕಪಟ್ಟಿಗಳೂ ಎಸ್ಸೆಸ್ಸೆಲ್ಸಿ ಹೆಸರನ್ನೇ ಹಿಡಿದು ಬಂದಿರುತ್ತವೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯನ್ನೂ ಅದೇ ವಾರ ಮುಗಿಸಿ, ಏಕೆಂದರೆ ಫೆಲೋಶಿಪ್ ಹಣ ನೇರ ಖಾತೆಗೇ ಬರುತ್ತದೆ.

ಜಾತಿ ಪ್ರಮಾಣಪತ್ರದಲ್ಲಿ ಹೆಚ್ಚು ಜನ ಎಡವುವುದು ಒಂದೇ ಕಡೆ. ರಾಜ್ಯದ ಪ್ರವರ್ಗ-1, 2ಎ, 3ಎ, 3ಬಿ ಪ್ರಮಾಣಪತ್ರ ಕೇಂದ್ರದ ಪರೀಕ್ಷೆ, ಫೆಲೋಶಿಪ್‌ಗಳಿಗೆ ನಡೆಯುವುದಿಲ್ಲ. ನಿಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಇದೆಯೇ ಎಂದು ಮೊದಲು ನೋಡಿ. ರಾಜ್ಯದ ಪಟ್ಟಿಯಲ್ಲಿರುವ ಎಲ್ಲವೂ ಅಲ್ಲಿಲ್ಲ. ಇದ್ದರೆ ನಾಡಕಚೇರಿಯ ಮೂಲಕ ಕೇಂದ್ರದ ಮಾದರಿಯ, ಕೆನೆಪದರಕ್ಕೆ ಸೇರಿಲ್ಲ ಎಂಬ ಪ್ರಮಾಣಪತ್ರ ಬೇರೆಯಾಗಿ ಮಾಡಿಸಿ. ಹಳೆಯ ವರ್ಷದ್ದನ್ನು ಹಾಕಿದರೆ ಪರಿಶೀಲನೆಯ ದಿನ ಸಾಮಾನ್ಯ ವರ್ಗಕ್ಕೆ ತಳ್ಳುತ್ತಾರೆ.

ಸಂವಿಧಾನದ 371(ಜೆ) ವಿಧಿಯಡಿಯ ಅರ್ಹತಾ ಪ್ರಮಾಣಪತ್ರವನ್ನು ಸಹಾಯಕ ಆಯುಕ್ತರ ಕಚೇರಿಯಿಂದ ಈಗಲೇ ಪಡೆದಿಡಿ. ಕಲ್ಯಾಣ ಕರ್ನಾಟಕದ ಸಂಸ್ಥೆಗಳ ಪ್ರವೇಶದಲ್ಲಿ ಶೇ. 70ರಷ್ಟು ಸೀಟು ಸ್ಥಳೀಯರಿಗಿವೆ, ರಾಜ್ಯ ಸರ್ಕಾರದ ಸ್ಥಳೀಯ ವೃಂದದ ಹುದ್ದೆಗಳಲ್ಲೂ ಮೀಸಲು ಇದೆ. ಕೇಂದ್ರದ ಪರೀಕ್ಷೆಗೆ ಇದು ಉಪಯೋಗಕ್ಕೆ ಬರುವುದಿಲ್ಲ, ಆದರೆ ಮುಂದೆ ಕಾಲೇಜು ಅಧ್ಯಾಪಕ ಹುದ್ದೆಗೆ ಅರ್ಜಿ ಹಾಕುವ ದಿನ ಇದು ಕೈಯಲ್ಲಿರಬೇಕು.

ಅಂಕಪಟ್ಟಿ ಬರುವುದು ತಡವಾದರೆ ಕಾಯುತ್ತ ಕೂರಬೇಡಿ. ಆನ್‌ಲೈನ್ ಫಲಿತಾಂಶದ ಪ್ರಿಂಟ್ ಮೇಲೆ ವಿಭಾಗದ ಮುಖ್ಯಸ್ಥರ ಸಹಿ, ಮೊಹರು ಹಾಕಿಸಿ, ಜೊತೆಗೊಂದು ಬೋನಫೈಡ್ (ಇಲ್ಲೇ ಓದುತ್ತಿದ್ದೀರಿ ಎಂಬ ಪತ್ರ) ಇಡಿ. ಬೇಸಿಗೆ ಫೆಲೋಶಿಪ್‌ನಂಥ ಅರ್ಜಿಗಳಿಗೆ ಸಾಮಾನ್ಯವಾಗಿ ಇಷ್ಟು ಸಾಕಾಗುತ್ತದೆ.

ಎರಡು ತಿಂಗಳು ಹೊರಗಿನ ಲ್ಯಾಬಿನಲ್ಲಿ

ಎಂಎಸ್ಸಿ ಅವಧಿಯಲ್ಲಿ ಒಂದೇ ಒಂದು ಕೆಲಸ ಮಾಡಲು ಸಾಧ್ಯ ಎಂದಿದ್ದರೆ ಅದು ಇದೇ ಆಗಲಿ: ಮೊದಲ ವರ್ಷದ ಬೇಸಿಗೆಯಲ್ಲಿ ಆರರಿಂದ ಎಂಟು ವಾರ ಬೇರೊಂದು ಸಂಸ್ಥೆಯ ಲ್ಯಾಬಿನಲ್ಲಿ ದುಡಿಯುವುದು. ಪುಸ್ತಕದಲ್ಲಿ ಓದಿದ ಪಿಸಿಆರ್ (ಡಿಎನ್‌ಎ ಪ್ರತಿ ಮಾಡುವ ತಂತ್ರ), ಎಚ್‌ಪಿಎಲ್‌ಸಿಯನ್ನು (ಮಿಶ್ರಣದ ಘಟಕ ಬೇರ್ಪಡಿಸುವ ತಂತ್ರ) ಕೈಯಾರೆ ಮಾಡುವುದಷ್ಟೇ ಇದರ ಲಾಭ ಅಲ್ಲ. ದಿನಕ್ಕೆ ಹತ್ತು ತಾಸು ಸಂಶೋಧನೆ ಮಾಡುವ ಬದುಕು ನಿಮಗೆ ಒಗ್ಗುತ್ತದೆಯೇ ಎಂಬುದು ಪಿಎಚ್‌ಡಿಗೆ ಸೇರುವ ಮೊದಲೇ ಗೊತ್ತಾಗುತ್ತದೆ.

ಇದಕ್ಕೆ ದೊಡ್ಡ ಬಾಗಿಲು ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಸಮ್ಮರ್ ರಿಸರ್ಚ್ ಫೆಲೋಶಿಪ್. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್, ದೆಹಲಿಯ ಇಂಡಿಯನ್ ನ್ಯಾಷನಲ್ ಸೈನ್ಸ್ ಅಕಾಡೆಮಿ (ಐಎನ್‌ಎಸ್‌ಎ), ಪ್ರಯಾಗರಾಜದ ನ್ಯಾಷನಲ್ ಅಕಾಡೆಮಿ ಆಫ್ ಸೈನ್ಸಸ್ (ನಾಸಿ) ಇದರ ಹಿಂದಿವೆ. ಎರಡು ತಿಂಗಳ ಕೆಲಸ, ಶಿಷ್ಯವೇತನ, ರೈಲು ಖರ್ಚು ಸಿಗುತ್ತವೆ. ಅರ್ಜಿ ಸಾಮಾನ್ಯವಾಗಿ ನವೆಂಬರ್ ಸುಮಾರಿಗೆ ಇರುತ್ತದೆ. ಬೇಸಿಗೆ ಎಂದರೆ ಮಾರ್ಚ್‌ನಲ್ಲಿ ನೋಡಿದರಾಯಿತು ಎಂದುಕೊಂಡವರು ಒಂದು ಇಡೀ ವರ್ಷ ಕಳೆದುಕೊಳ್ಳುತ್ತಾರೆ. ಎರಡು ವರ್ಷದ ಎಂಎಸ್ಸಿಯಲ್ಲಿ ಇದಕ್ಕೆ ಅರ್ಹರಾಗುವುದು ಮೊದಲ ವರ್ಷದಲ್ಲಿ ಮಾತ್ರ, ಎಂದರೆ ಕಾಲೇಜು ಸೇರಿದ ಕೆಲವೇ ವಾರಗಳಲ್ಲಿ ಅರ್ಜಿ ಸಿದ್ಧವಾಗಬೇಕು. ಬೆಂಗಳೂರಿನ ಸಂಶೋಧನಾ ಸಂಸ್ಥೆ ಜೆಎನ್‌ಸಿಎಎಸ್‌ಆರ್ ಕೂಡ ತನ್ನದೇ ಬೇಸಿಗೆ ಫೆಲೋಶಿಪ್ ಕೊಡುತ್ತದೆ.

ಅರ್ಜಿಯ ಜೊತೆಗಿನ ಚಿಕ್ಕ ಬರಹದಲ್ಲಿ ‘ನನಗೆ ಬಾಲ್ಯದಿಂದಲೂ ವಿಜ್ಞಾನದಲ್ಲಿ ಆಸಕ್ತಿ’ ಎಂದು ಶುರು ಮಾಡಬೇಡಿ. ನೂರಾರು ಅರ್ಜಿಗಳು ಹೀಗೇ ಶುರುವಾಗುತ್ತವೆ. ನೀವು ಈಗಾಗಲೇ ಮಾಡಿದ ಒಂದು ಪ್ರಯೋಗ, ಅದರಲ್ಲಿ ಕೂಡಿಬರದ ಒಂದು ಸಂಗತಿ, ಅದನ್ನು ಬಿಡಿಸಲು ಕಲಿಯಬೇಕಾದ ಒಂದು ತಂತ್ರ, ಈ ಮೂರನ್ನು ಬರೆಯಿರಿ.

ಎರಡನೆಯ ಬಾಗಿಲು ನೇರ ಮೇಲ್. ಇಲ್ಲಿ ನಮ್ಮವರು ಮರೆಯುವ ಸಂಗತಿ ಭೂಗೋಳ. ಎಲ್ಲರ ಕಣ್ಣೂ ಬೆಂಗಳೂರಿನ ಕಡೆ, ಆದರೆ ನಮಗೆ ಹೈದರಾಬಾದೇ ಹತ್ತಿರ. ಬೀದರಿನಿಂದ ಬೆಳಗ್ಗೆ ಹೊರಟರೆ ಮಧ್ಯಾಹ್ನದೊಳಗೆ ಅಲ್ಲಿರಬಹುದು. ಜೀವಶಾಸ್ತ್ರಕ್ಕೆ ಸಿಸಿಎಂಬಿ, ಸಿಡಿಎಫ್‌ಡಿ, ರಸಾಯನಶಾಸ್ತ್ರಕ್ಕೆ ಐಐಸಿಟಿ, ಭೂವಿಜ್ಞಾನಕ್ಕೆ ಎನ್‌ಜಿಆರ್‌ಐ, ಆಹಾರ, ಪೋಷಣೆಗೆ ರಾಷ್ಟ್ರೀಯ ಪೋಷಣಾ ಸಂಸ್ಥೆ, ಜೋಳ, ಸಿರಿಧಾನ್ಯಕ್ಕೆ ರಾಜೇಂದ್ರನಗರದ ಸಿರಿಧಾನ್ಯ ಸಂಶೋಧನಾ ಸಂಸ್ಥೆ, ಇವಲ್ಲದೆ ಹೈದರಾಬಾದ್ ವಿಶ್ವವಿದ್ಯಾಲಯ ಮತ್ತು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ಹೈದರಾಬಾದ್ ಕೇಂದ್ರ. ತೊಗರಿ, ಕಡಲೆಯ ಮೇಲೆ ಕೆಲಸ ಮಾಡುವವರಿಗೆ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಇದೆ. ಆ ಎರಡೂ ಬೆಳೆ ಅದರ ಮುಖ್ಯ ಬೆಳೆಗಳು, ಅದೂ ಬೀದರಿನಿಂದ ಹೈದರಾಬಾದಿಗೆ ಹೋಗುವ ದಾರಿಯಲ್ಲೇ ಸಿಗುತ್ತದೆ. ಇತ್ತ ಸೊಲ್ಲಾಪುರದಲ್ಲಿ ದಾಳಿಂಬೆ ಸಂಶೋಧನಾ ಕೇಂದ್ರವಿದೆ. ಖರ್ಚಿನ ಚಿಂತೆ ಇರುವವರು ಮೊದಲು ಈ ವಲಯದಲ್ಲೇ ಹುಡುಕಲಿ.

ಮೇಲ್ ಇಂಗ್ಲಿಷಿನಲ್ಲೇ ಹೋಗಬೇಕು. ಆದರೆ ಮೊದಲು ಕನ್ನಡದಲ್ಲಿ ಬರೆದುಕೊಂಡು ವಿಷಯ ಗಟ್ಟಿ ಮಾಡಿಕೊಂಡರೆ ಇಂಗ್ಲಿಷ್ ತಾನಾಗಿ ಚಿಕ್ಕದಾಗುತ್ತದೆ. ತಿರುಳು ಹೀಗಿರಲಿ:

‘ವಿಷಯ: ಮೇ 15ರಿಂದ ಜುಲೈ 10, ಎಂಟು ವಾರದ ಬೇಸಿಗೆ ತರಬೇತಿ: ತೊಗರಿ ನೆಟೆ ರೋಗದ ಶಿಲೀಂಧ್ರ.

ನಾನು ಕಲಬುರಗಿಯಲ್ಲಿ ಸಸ್ಯಶಾಸ್ತ್ರ ಎಂಎಸ್ಸಿ ಎರಡನೇ ಸೆಮಿಸ್ಟರಿನಲ್ಲಿದ್ದೇನೆ. ಆಳಂದ ತಾಲ್ಲೂಕಿನ ಎರಡು ಹೊಲಗಳ ನೆಟೆ ಬಿದ್ದ ತೊಗರಿ ಬೇರಿನಿಂದ ಫ್ಯುಸೇರಿಯಂ ಬೇರ್ಪಡಿಸಿ, ಒಂದೇ ಬೀಜಕದಿಂದ ಶುದ್ಧ ಕಲ್ಚರ್ ಮಾಡಿಕೊಂಡಿದ್ದೇನೆ. ಎರಡರ ಬಣ್ಣವೂ ಬೆಳೆಯುವ ವೇಗವೂ ಬೇರೆ ಬೇರೆ ಇವೆ. ಡಿಎನ್‌ಎ ತೆಗೆಯುವುದನ್ನು ಎರಡು ಸಲ ಮಾಡಿದ್ದೇನೆ, ಪಿಸಿಆರ್ ಮಾಡಿಲ್ಲ. ನಿಮ್ಮ ಗುಂಪಿನ ಇತ್ತೀಚಿನ ಪೇಪರಿನ ಮೂರನೇ ಚಿತ್ರದಲ್ಲಿ ತಳಿಗಳನ್ನು ಬೇರ್ಪಡಿಸಿದ ವಿಧಾನ ನನ್ನ ಎರಡು ಕಲ್ಚರ್‌ಗಳಿಗೂ ಹೊಂದುತ್ತದೆಯೇ ಎಂದು ನೋಡುವ ಆಸೆ. ಊಟ, ವಸತಿಯ ವ್ಯವಸ್ಥೆ ನಾನೇ ಮಾಡಿಕೊಳ್ಳುತ್ತೇನೆ. ನನ್ನ ಸೆಮಿಸ್ಟರ್ ಪರೀಕ್ಷೆಯ ದಿನ ಬದಲಾದರೆ ಒಂದು ವಾರ ಹಿಂದೆಮುಂದೆ ಆಗಬಹುದು. ಒಂದು ಪುಟದ ಬಯೋಡೇಟಾ, ಅಂಕಪಟ್ಟಿ ಒಂದೇ ಪಿಡಿಎಫ್‌ನಲ್ಲಿ ಲಗತ್ತಿಸಿದ್ದೇನೆ.’

ಇಷ್ಟೇ. ಇಂಗ್ಲಿಷಿನಲ್ಲಿ 150ರಿಂದ 200 ಪದ. ಇದರಲ್ಲಿ ಕೆಲಸ ಮಾಡುವ ಮಾತು ‘ಪಿಸಿಆರ್ ಮಾಡಿಲ್ಲ’ ಎಂಬುದು. ಎಲ್ಲವೂ ಬರುತ್ತದೆ ಎನ್ನುವವರಿಗಿಂತ ಏನು ಬರುವುದಿಲ್ಲ ಎಂದು ಸ್ಪಷ್ಟವಾಗಿ ಹೇಳುವವರನ್ನು ವಿಜ್ಞಾನಿಗಳು ನಂಬುತ್ತಾರೆ, ಯಾವ ಕೆಲಸ ಕೊಡಬಹುದೆಂಬುದೂ ಅವರಿಗೆ ಕೂಡಲೇ ತಿಳಿಯುತ್ತದೆ. ಪರೀಕ್ಷೆಯ ಮಾತೂ ಮುಖ್ಯ. ಸೆಮಿಸ್ಟರ್ ಪರೀಕ್ಷೆ ಜೂನ್, ಜುಲೈಗೆ ಜಾರಿ ತರಬೇತಿ ಅರ್ಧಕ್ಕೆ ಬಿಡಬೇಕಾಗಿ ಬಂದರೆ ಆ ಲ್ಯಾಬಿನವರು ಮುಂದಿನ ವರ್ಷ ನಿಮ್ಮ ವಿಭಾಗದ ಇನ್ನೊಬ್ಬರನ್ನು ಕರೆಯಲು ಹಿಂಜರಿಯುತ್ತಾರೆ.

ಮಾಡಬಾರದ್ದು: ಒಂದೇ ಮೇಲನ್ನು ನಲವತ್ತು ಜನಕ್ಕೆ ಒಟ್ಟಿಗೆ ಕಳಿಸುವುದು, ಬೇರೆ ಕಡೆಯಿಂದ ಕತ್ತರಿಸಿ ಅಂಟಿಸಿದ ಹೆಸರು ಬೇರೆ ಅಳತೆಯ ಅಕ್ಷರದಲ್ಲಿ ಎದ್ದು ಕಾಣುವುದು, ‘ಯಾವ ಪ್ರಾಜೆಕ್ಟ್ ಆದರೂ ಸರಿ’ ಎನ್ನುವುದು. ಹದಿನೈದು ಜನರನ್ನು ಆರಿಸಿ, ಪ್ರತಿಯೊಬ್ಬರ ಒಂದೊಂದು ಪೇಪರನ್ನಾದರೂ ಓದಿ, ದಿನಕ್ಕೆ ಎರಡರಂತೆ ಬೇರೆ ಬೇರೆಯಾಗಿ ಬರೆಯಿರಿ. ಉತ್ತರ ಬರದಿದ್ದರೆ ಹತ್ತು ದಿನ ಬಿಟ್ಟು ಅದೇ ಮೇಲಿಗೆ ಎರಡು ಸಾಲಿನ ನೆನಪೋಲೆ ಹಾಕಿ. ಅದಕ್ಕೂ ಬರದಿದ್ದರೆ ಬಿಟ್ಟುಬಿಡಿ.

ಶಿಫಾರಸು ಪತ್ರ ಕೇಳುವಾಗ ಗುರುಗಳಿಗೆ ಕನಿಷ್ಠ ಎರಡು ವಾರ ಕೊಡಿ. ‘ಸರ್, ಒಂದು ಲೆಟರ್ ಬೇಕಿತ್ತು’ ಎಂದು ಬರಿಗೈಯಲ್ಲಿ ನಿಲ್ಲಬೇಡಿ. ಬಯೋಡೇಟಾ, ಅಂಕಪಟ್ಟಿ, ಅರ್ಜಿಯ ಕರಡು, ಅವರ ತರಗತಿಯಲ್ಲೋ ಲ್ಯಾಬಿನಲ್ಲೋ ನೀವು ಮಾಡಿದ ಮೂರು ಕೆಲಸಗಳ ಟಿಪ್ಪಣಿ, ಕೊನೆಯ ದಿನಾಂಕ, ಇಷ್ಟನ್ನು ಒಂದೇ ಮೇಲಿನಲ್ಲಿ ಕಳಿಸಿ. ಹಲವು ಅರ್ಜಿಗಳಲ್ಲಿ ಲಿಂಕ್ ನೇರ ಗುರುಗಳ ಮೇಲಿಗೆ ಹೋಗುತ್ತದೆ, ಮತ್ತು ಬಹಳ ಸಲ ಸ್ಪ್ಯಾಮ್‌ನಲ್ಲಿ ಬೀಳುತ್ತದೆ. ಕೊನೆಯ ದಿನಕ್ಕೆ ಐದು ದಿನ ಮುಂಚೆ ‘ಸರ್, ಸ್ಪ್ಯಾಮ್‌ನಲ್ಲೂ ಒಮ್ಮೆ ನೋಡ್ತೀರಾ’ ಎಂದು ವಿನಯದಿಂದ ಕೇಳುವುದರಲ್ಲಿ ತಪ್ಪಿಲ್ಲ.

ನೆಟ್, ಕೆಸೆಟ್

ವಿಜ್ಞಾನ ವಿಷಯಗಳ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಾದ ಸಿಎಸ್‌ಐಆರ್-ಯುಜಿಸಿ ನೆಟ್ ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಆವೃತ್ತಿ. ಲೈಫ್ ಸೈನ್ಸಸ್, ಕೆಮಿಕಲ್, ಫಿಸಿಕಲ್, ಮ್ಯಾಥಮೆಟಿಕಲ್, ಅರ್ಥ್ ಸೈನ್ಸಸ್ ಎಂಬ ಐದು ವಿಷಯ. 2024ರಿಂದ ಫಲಿತಾಂಶ ಮೂರು ಬಗೆಯಲ್ಲಿ ಬರುತ್ತಿದೆ: ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಜೊತೆ ಅಧ್ಯಾಪಕ ಅರ್ಹತೆ, ಅಧ್ಯಾಪಕ ಅರ್ಹತೆ ಜೊತೆ ಪಿಎಚ್‌ಡಿ ಪ್ರವೇಶ, ಬರೀ ಪಿಎಚ್‌ಡಿ ಪ್ರವೇಶ. ಕೊನೆಯ ಎರಡು ಬಗೆಯವರಿಗೆ ಪಿಎಚ್‌ಡಿ ಪ್ರವೇಶದ ಮಟ್ಟಿಗೆ ಅಂಕ ನಡೆಯುವುದು ಒಂದೇ ವರ್ಷ. ಜೆಆರ್‌ಎಫ್ ಮೊತ್ತ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ ಎಸ್‌ಆರ್‌ಎಫ್ (ಹಿರಿಯ ಫೆಲೋಶಿಪ್) ಆದರೆ 42,000. ಮನೆ ಬಾಡಿಗೆ ಭತ್ಯೆ ಬೇರೆ. ನೆಟ್ ಇಲ್ಲದೆ ಪಿಎಚ್‌ಡಿ ಸೇರಿದವರಿಗೆ ಕೇಂದ್ರೀಯ ವಿಶ್ವವಿದ್ಯಾಲಯಗಳು ಕೊಡುವ ನಾನ್-ನೆಟ್ ಫೆಲೋಶಿಪ್ ತಿಂಗಳಿಗೆ 8,000 ರೂಪಾಯಿ. ಮನೆಗೆ ಹಣ ಕೇಳದೆ ಐದು ವರ್ಷ ಸಂಶೋಧನೆ ಮಾಡಬಹುದೇ ಎಂಬುದನ್ನು ನಿರ್ಧರಿಸುವುದು ಈ ಅಂತರವೇ.

ಲೈಫ್ ಸೈನ್ಸಸ್ ಪತ್ರಿಕೆಯ ಲೆಕ್ಕ ನೋಡಿ. ಮೂರು ಗಂಟೆ, 200 ಅಂಕ. ಎ ಭಾಗದ 20 ಪ್ರಶ್ನೆಗಳಲ್ಲಿ 15, ಬಿ ಭಾಗದ 50ರಲ್ಲಿ 35, ಎರಡಕ್ಕೂ ತಲಾ 2 ಅಂಕ. ಸಿ ಭಾಗದ 75ರಲ್ಲಿ 25, ತಲಾ 4 ಅಂಕ. ತಪ್ಪಿಗೆ ನಾಲ್ಕನೇ ಒಂದು ಭಾಗ ಕಡಿತ. ಸಿ ಭಾಗದಲ್ಲಿ 20 ಪ್ರಶ್ನೆ ಮುಟ್ಟಿ 12 ಸರಿ, 8 ತಪ್ಪು ಮಾಡಿದವರಿಗೆ 48ರಲ್ಲಿ 8 ಕಳೆದು 40 ಬರುತ್ತದೆ. 13 ಮಾತ್ರ ಮುಟ್ಟಿ 11 ಸರಿ, 2 ತಪ್ಪು ಮಾಡಿದವರಿಗೆ 42. ಏಳು ಪ್ರಶ್ನೆಯ ಸಮಯವೂ ಉಳಿಯುತ್ತದೆ. 75 ಪ್ರಶ್ನೆ ಕೊಟ್ಟಿರುವುದು ನಿಮಗೆ ಬಲವಿರುವ ನಾಲ್ಕೈದು ಘಟಕಗಳಿಂದ ಆರಿಸಿಕೊಳ್ಳಲೆಂದು. ಹೀಗಾಗಿ ಪಠ್ಯಕ್ರಮದ 13 ಘಟಕಗಳನ್ನೂ ಮೇಲೆಮೇಲೆ ಓದುವುದಕ್ಕಿಂತ ಆರನ್ನು ಆಳವಾಗಿ ಓದುವುದು ಮೇಲು. ಎ ಭಾಗವನ್ನು ನಮ್ಮ ವಿದ್ಯಾರ್ಥಿಗಳು ಕಡೆಗಣಿಸುತ್ತಾರೆ. ಅದು ಹೈಸ್ಕೂಲು ಮಟ್ಟದ ಲೆಕ್ಕ, ಶೇಕಡಾವಾರು, ಗ್ರಾಫ್ ಓದುವುದು, ತರ್ಕ. ದಿನಕ್ಕೆ ಅರ್ಧ ತಾಸಿನಂತೆ ಮೂರು ತಿಂಗಳು ಕೂತರೆ 30ರಲ್ಲಿ 20 ದಾಟುವುದು ಕಷ್ಟವಲ್ಲ.

ರಾಜ್ಯ ಮಟ್ಟದ ಅಧ್ಯಾಪಕ ಅರ್ಹತಾ ಪರೀಕ್ಷೆಯಾದ ಕೆಸೆಟ್ ಅನ್ನು ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತದೆ. ಮೊದಲ ಪತ್ರಿಕೆ 50 ಪ್ರಶ್ನೆ, ಎರಡನೆಯದು 100, ಒಂದೊಂದಕ್ಕೆ 2 ಅಂಕ. ತಪ್ಪಿಗೆ ಕಡಿತವಿಲ್ಲ, ಆದ್ದರಿಂದ ಒಂದನ್ನೂ ಖಾಲಿ ಬಿಡಬೇಡಿ. ಇದರಿಂದ ಫೆಲೋಶಿಪ್ ಬರುವುದಿಲ್ಲ, ಕರ್ನಾಟಕದೊಳಗಿನ ಅಧ್ಯಾಪಕ ಹುದ್ದೆಗೆ ಅರ್ಹತೆ ಬರುತ್ತದೆ.

ವಿಶ್ವವಿದ್ಯಾಲಯಕ್ಕೆ ಮೊದಲ ರ‍್ಯಾಂಕ್ ಬಂದವರು ನೆಟ್ ಇಲ್ಲದೆಯೂ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ (ಡಿಎಸ್‌ಟಿ) ಇನ್‌ಸ್ಪೈರ್ ಫೆಲೋಶಿಪ್‌ಗೆ ಅರ್ಜಿ ಹಾಕಬಹುದು. ರ‍್ಯಾಂಕ್ ಪ್ರಮಾಣಪತ್ರ ಪರೀಕ್ಷಾ ವಿಭಾಗದಿಂದ ಬರಬೇಕು. ಘಟಿಕೋತ್ಸವದವರೆಗೆ ಕಾಯದೆ ಫಲಿತಾಂಶ ಬಂದ ವಾರವೇ ಕೇಳಿ. ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ಪ್ರೋತ್ಸಾಹಕ ಸಂಸ್ಥೆ ಕೆಸ್ಟೆಪ್ಸ್ ಕೂಡ ಕರ್ನಾಟಕದ ಸಂಶೋಧನಾ ವಿದ್ಯಾರ್ಥಿಗಳಿಗೆ ಪಿಎಚ್‌ಡಿ ಫೆಲೋಶಿಪ್ ಕೊಡುತ್ತದೆ. ಜೀವಶಾಸ್ತ್ರದವರು ಟಿಐಎಫ್‌ಆರ್, ಎನ್‌ಸಿಬಿಎಸ್‌ಗಳ ಜೆಜಿಇಇಬಿಐಎಲ್‌ಎಸ್, ಭೌತಶಾಸ್ತ್ರದವರು ಜೆಸ್ಟ್, ಎಲ್ಲರೂ ಗೇಟ್, ಈ ಪ್ರವೇಶ ಪರೀಕ್ಷೆಗಳನ್ನೂ ಜೊತೆಗೇ ಬರೆಯಲಿ. ಓದು ಬಹುಪಾಲು ಒಂದೇ.

ನಿಮ್ಮ ವಿಭಾಗದಲ್ಲಿಲ್ಲದ ಉಪಕರಣ

ಎನ್‌ಎಂಆರ್ (ಅಣುವಿನ ರಚನೆ ತಿಳಿಸುವ ಯಂತ್ರ) ಇಲ್ಲ, ಎಸ್‌ಇಎಂ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಇಲ್ಲ ಎಂದು ಕೆಲಸ ನಿಲ್ಲಿಸಬೇಕಾಗಿಲ್ಲ. ಡಿಎಸ್‌ಟಿ ನೆರವಿನ, ದೊಡ್ಡ ವಿಶ್ಲೇಷಣಾ ಉಪಕರಣಗಳಿರುವ ಸೈಫ್ ಕೇಂದ್ರಗಳು ಹೊರಗಿನವರ ಸ್ಯಾಂಪಲ್‌ಗಳನ್ನೂ ಶುಲ್ಕ ಪಡೆದು ಮಾಡಿಕೊಡುತ್ತವೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಒಂದಿದೆ, ಐಐಟಿ ಮದ್ರಾಸ್ ಮತ್ತು ಬಾಂಬೆಯಲ್ಲೂ ಇವೆ. 2020ರ ಜನವರಿಯಲ್ಲಿ ಆರಂಭವಾದ ಐ-ಸ್ಟೆಮ್ ಪೋರ್ಟಲಿನಲ್ಲಿ ದೇಶದ ಯಾವ ಸಂಸ್ಥೆಯಲ್ಲಿ ಯಾವ ಉಪಕರಣ ಇದೆ ಎಂದು ಹುಡುಕಿ ಅಲ್ಲಿಂದಲೇ ಬುಕ್ ಮಾಡಬಹುದು. ಅದೇ ಪೋರ್ಟಲಿನಲ್ಲಿ ಮ್ಯಾಟ್‌ಲ್ಯಾಬ್, ಕಾಮ್ಸಾಲ್‌ನಂಥ ದುಬಾರಿ ಸಾಫ್ಟ್‌ವೇರ್ ಬಳಸಲೂ ಅವಕಾಶ ಕೊಟ್ಟಿದ್ದಾರೆ.

ಕೆಲಸ ಕೆಡುವುದು ಯಂತ್ರದಲ್ಲಲ್ಲ, ಸ್ಯಾಂಪಲ್ ಕಳಿಸುವುದರಲ್ಲಿ. ಎನ್‌ಎಂಆರ್ ಉದಾಹರಣೆ ತೆಗೆದುಕೊಳ್ಳಿ. ಪ್ರೋಟಾನ್ ಸ್ಪೆಕ್ಟ್ರಮ್‌ಗೆ 5ರಿಂದ 10 ಮಿಲಿಗ್ರಾಂ ಸಾಕು. ಕಾರ್ಬನ್-13ಕ್ಕೆ 20ರಿಂದ 30 ಮಿಲಿಗ್ರಾಂ ಬೇಕು. ಎನ್‌ಎಂಆರ್‌ಗೆ ಬೇಕಾದ ಡ್ಯೂಟರೇಟೆಡ್ (ಹೈಡ್ರೋಜನ್ ಬದಲು ಡ್ಯೂಟೀರಿಯಂ ಇರುವ) ದ್ರಾವಕ ದುಬಾರಿ, ಹಾಗಾಗಿ ಕರಗುತ್ತದೆಯೇ ಎಂಬುದನ್ನು ನಿಮ್ಮ ಲ್ಯಾಬಿನ ಸಾಮಾನ್ಯ ಕ್ಲೋರೋಫಾರ್ಮ್ ಮತ್ತು ಡಿಎಂಎಸ್‌ಒದಲ್ಲಿ ಮೊದಲೇ ನೋಡಿ. 10 ಮಿಲಿಗ್ರಾಂ ಪುಡಿ 0.6 ಮಿಲಿಲೀಟರಿನಲ್ಲಿ ತಳದಲ್ಲಿ ಏನೂ ಉಳಿಯದೆ ಕರಗಬೇಕು. ಸ್ಯಾಂಪಲನ್ನು ವ್ಯಾಕ್ಯೂಮ್‌ನಲ್ಲಿ ನಾಲ್ಕಾರು ತಾಸು ಒಣಗಿಸಿ. ಸಂಯುಕ್ತ ಬೇರ್ಪಡಿಸುವ ಕಾಲಂಗೆ ಬಳಸಿದ ಈಥೈಲ್ ಅಸಿಟೇಟ್ ಉಳಿದರೆ ಕ್ಲೋರೋಫಾರ್ಮ್ ಸ್ಪೆಕ್ಟ್ರಮ್‌ನಲ್ಲಿ 1.26, 2.05, 4.12 ಪಿಪಿಎಂನಲ್ಲಿ ಗೆರೆಗಳು ಏಳುತ್ತವೆ. ಅವನ್ನು ತಮ್ಮ ಸಂಯುಕ್ತದ್ದೇ ಎಂದು ತಿಳಿದು ರಚನೆ ಬರೆದವರು ವೈವಾದಲ್ಲಿ ಸಿಕ್ಕಿಬೀಳುತ್ತಾರೆ. ದ್ರಾವಕದ್ದೇ ಗೆರೆಗಳೂ ನೆನಪಿರಲಿ: ಕ್ಲೋರೋಫಾರ್ಮ್ 7.26, ಡಿಎಂಎಸ್‌ಒ 2.50, ಡಿಎಂಎಸ್‌ಒದೊಳಗಿನ ನೀರು 3.33.

ಗಾಜಿನ ಚಿಕ್ಕ ವಯಲ್, ತಿರುಪು ಮುಚ್ಚಳ, ಅದರ ಮೇಲೆ ಎರಡು ಸುತ್ತು ಪ್ಯಾರಾಫಿಲ್ಮ್. ಲೇಬಲ್ ಪೆನ್ಸಿಲಿನಲ್ಲಿ ಬರೆದು ಮೇಲೆ ಪಾರದರ್ಶಕ ಟೇಪ್ ಅಂಟಿಸಿ. ಪೆನ್ನಿನ ಶಾಯಿ ದ್ರಾವಕ ಸೋಕಿದರೆ ಅಳಿಸಿಹೋಗುತ್ತದೆ. ಲೇಬಲ್ ಮೇಲೆ ಸಂಕೇತ, ದಿನಾಂಕ, ತೂಕ ಇದ್ದರೆ ಸಾಕು. ಅಣುತೂಕ, ಕರಗುವ ಬಿಂದು, ಯಾವ ದ್ರಾವಕ, ತೇವ ಹೀರುತ್ತದೆಯೇ, ವಿಷಕಾರಿಯೇ ಎಂಬುದು ಫಾರಂನಲ್ಲಿರಲಿ. ಅದೇ ಸಂಕೇತ ನಿಮ್ಮ ಲ್ಯಾಬ್ ನೋಟ್‌ಬುಕ್‌ನಲ್ಲೂ ಇರಲೇಬೇಕು. ಇನ್ನೊಂದು ಮಾತು ನಮ್ಮ ಸೀಮೆಗೇ ಸಂಬಂಧಿಸಿದ್ದು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟುತ್ತದೆ, ಕೊರಿಯರ್ ವಾಹನದೊಳಗೆ ಅದಕ್ಕೂ ಹೆಚ್ಚು. 60 ಡಿಗ್ರಿಯೊಳಗೆ ಕರಗುವ ಪದಾರ್ಥ, ಪ್ರೋಟೀನ್, ಶಿಲೀಂಧ್ರದ ಕಲ್ಚರ್‌ಗಳನ್ನು ಆ ಎರಡು ತಿಂಗಳು ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಐಸ್ ಜೆಲ್ ಜೊತೆ ಕಳಿಸಿ, ಅದೂ ಸೋಮವಾರ. ಶುಕ್ರವಾರ ಕಳಿಸಿದರೆ ಭಾನುವಾರ ಗೋದಾಮಿನಲ್ಲಿ ಬೇಯುತ್ತದೆ. ಆದರೆ ನೀವೇ ಒಮ್ಮೆ ಸ್ಯಾಂಪಲ್ ಹಿಡಿದು ಹೋಗಿ, ಯಂತ್ರ ನಡೆಸುವವರ ಪಕ್ಕ ಅರ್ಧ ದಿನ ನಿಂತು ನೋಡುವುದು ಎಲ್ಲಕ್ಕಿಂತ ಒಳ್ಳೆಯದು.

ಪುಕ್ಕಟೆ ಓದು, ಪುಕ್ಕಟೆ ಕೋರ್ಸ್

2025ರ ಜನವರಿ 1ರಿಂದ ‘ಒಂದು ದೇಶ ಒಂದು ಚಂದಾ’ ಯೋಜನೆಯಡಿ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ತೆರೆದಿವೆ. ವಿಭಾಗದ ವೈಫೈನಲ್ಲಿ ಪೇಪರ್ ತೆರೆಯದಿದ್ದರೆ ಗ್ರಂಥಪಾಲಕರನ್ನು ಕೇಳಿ ಮನೆಯಿಂದಲೂ ಬಳಸುವ ಲಾಗಿನ್ ಮಾಡಿಸಿಕೊಳ್ಳಿ. ಹಳೆಯ ಥೀಸಿಸ್‌ಗಳಿಗೆ ಶೋಧಗಂಗಾ ಜಾಲತಾಣ ಇದೆ. ಓದಿದ ಪೇಪರ್‌ಗಳನ್ನು ಮೊದಲ ದಿನದಿಂದಲೇ ಉಲ್ಲೇಖಗಳನ್ನು ಜೋಡಿಸಿಡುವ ಝೊಟೆರೊ ಸಾಫ್ಟ್‌ವೇರ್‌ನಲ್ಲಿ ಹಾಕುತ್ತ ಹೋಗಿ, ಅದಕ್ಕೆ ಹಣ ಕೊಡಬೇಕಿಲ್ಲ. ಥೀಸಿಸ್ ಬರೆಯುವಾಗ ಉಲ್ಲೇಖಪಟ್ಟಿ ಸಿದ್ಧಪಡಿಸಲು ಹೋಗುವ ಒಂದು ತಿಂಗಳು ಉಳಿಯುತ್ತದೆ.

ಐಐಟಿ, ಐಐಎಸ್‌ಸಿಗಳ ಆನ್‌ಲೈನ್ ಪಾಠವಾದ ಎನ್‌ಪಿಟೆಲ್ ಕೋರ್ಸ್‌ಗಳು ಜನವರಿ, ಜುಲೈನಲ್ಲಿ ಶುರುವಾಗುತ್ತವೆ. ಕಲಿಯಲು ಶುಲ್ಕವಿಲ್ಲ, ಪ್ರಮಾಣಪತ್ರ ಬೇಕಾದವರು ಪರೀಕ್ಷಾ ಶುಲ್ಕ ಕಟ್ಟಬೇಕು. ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75 ಅಂಕ. ಅಸೈನ್‌ಮೆಂಟಿನಲ್ಲಿ 10, ಪರೀಕ್ಷೆಯಲ್ಲಿ 30 ಎರಡೂ ಬಂದರೆ ಮಾತ್ರ ಪಾಸು, ಹಾಗಾಗಿ ವಾರವಾರದ ಅಸೈನ್‌ಮೆಂಟ್ ಬಿಟ್ಟವರು ಕೊನೆಗೆ ಚೆನ್ನಾಗಿ ಬರೆದರೂ ಉಳಿಯುವುದಿಲ್ಲ. ಒಂದು ಸೆಮಿಸ್ಟರಿಗೆ ಒಂದೇ ಕೋರ್ಸ್ ಸಾಕು. ಜೀವಶಾಸ್ತ್ರದವರು ಸಂಖ್ಯಾಶಾಸ್ತ್ರ ಅಥವಾ ಅದರ ಲೆಕ್ಕಕ್ಕೆ ಬಳಸುವ ‘ಆರ್’ ಕಂಪ್ಯೂಟರ್ ಭಾಷೆ, ರಸಾಯನಶಾಸ್ತ್ರದವರು ಸ್ಪೆಕ್ಟ್ರೋಸ್ಕೋಪಿ, ಭೌತಶಾಸ್ತ್ರದವರು ಪೈಥಾನ್ ಕಲಿತರೆ ಮುಂದಿನ ಮೂರು ವರ್ಷ ಉಪಯೋಗಕ್ಕೆ ಬರುತ್ತದೆ. ಪ್ರಮಾಣಪತ್ರ ಗುಡ್ಡೆ ಹಾಕುವುದರಿಂದ ಏನೂ ಸಿಗುವುದಿಲ್ಲ.

ವಿಭಾಗದ ಹಿರಿಯರಿಗೆ ಒಂದು ಕಿವಿಮಾತು. ಮೂರು ಅಕಾಡೆಮಿಗಳು ಎರಡು ಮೂರು ದಿನದ ಉಪನ್ಯಾಸ ಕಾರ್ಯಾಗಾರಗಳನ್ನು ಕಾಲೇಜುಗಳಿಗೇ ಬಂದು ನಡೆಸುತ್ತವೆ. ಕೋರಿಕೆ ವಿಭಾಗದಿಂದ ಹೋಗಬೇಕು. ಅರವತ್ತು ವಿದ್ಯಾರ್ಥಿಗಳನ್ನು ಬೆಂಗಳೂರಿಗೆ ಕರೆದೊಯ್ಯುವುದಕ್ಕಿಂತ ಮೂವರು ವಿಜ್ಞಾನಿಗಳನ್ನು ಕಲಬುರಗಿಗೆ ಕರೆಸುವುದು ಸುಲಭ.

ಪೋಸ್ಟರ್, ಪೇಪರ್

ಸಮ್ಮೇಳನದ ಪೋಸ್ಟರ್ ಸಾಮಾನ್ಯವಾಗಿ ಎ0 ಅಳತೆ: 841 ಮಿಲಿಮೀಟರ್ ಅಗಲ, 1189 ಎತ್ತರ. ಅಡ್ಡವೋ ಉದ್ದವೋ ಎಂದು ಸೂಚನೆಯಲ್ಲಿ ನೋಡಿಯೇ ಶುರು ಮಾಡಿ. ಶೀರ್ಷಿಕೆ 85 ಪಾಯಿಂಟ್, ಉಪಶೀರ್ಷಿಕೆ 40, ಒಳಬರಹ 28ಕ್ಕಿಂತ ಕಡಿಮೆ ಬೇಡ. ಎರಡು ಮಾರು ದೂರದಿಂದ ಓದಲು ಆಗದಿದ್ದರೆ ಯಾರೂ ಹತ್ತಿರ ಬರುವುದಿಲ್ಲ. ಒಟ್ಟು 400 ಪದ, ದೊಡ್ಡದಾದ ಎರಡು ಅಥವಾ ಮೂರು ಚಿತ್ರ. ಪೀಠಿಕೆಗೆ ಮೂರು ಸಾಲು ಸಾಕು. ಫಲಿತಾಂಶಕ್ಕೆ ಅರ್ಧ ಜಾಗ. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಫ್ಲೆಕ್ಸ್ ಅಂಗಡಿಗೆ ಪವರ್‌ಪಾಯಿಂಟ್ ಕಡತವನ್ನೇ ಕೊಟ್ಟರೆ ಅವರ ಕಂಪ್ಯೂಟರಿನಲ್ಲಿ ಫಾಂಟ್ ಬದಲಾಗಿ ಗ್ರೀಕ್ ಅಕ್ಷರ, ಘಾತಾಂಕಗಳೆಲ್ಲ ಚೌಕಗಳಾಗುತ್ತವೆ. ನಿಜ ಅಳತೆಯ ಪಿಡಿಎಫ್ ಮಾಡಿಕೊಂಡು ಹೋಗಿ. ಎ0 ಎಂದರೆ ಸುಮಾರು 10.8 ಚದರ ಅಡಿ, ದರ ಅದರ ಮೇಲೆ ಮಾತಾಡಿ. ಫ್ಲೆಕ್ಸ್ ಮಡಚಿದರೆ ಗೆರೆ ಬೀಳುತ್ತದೆ, ಅಚ್ಚಿನ ಮುಖ ಹೊರಗೆ ಬರುವಂತೆ ಸುತ್ತಿ ಕೊಳವೆಯಲ್ಲಿ ಒಯ್ಯಿರಿ.

ಪೋಸ್ಟರ್ ಪಕ್ಕ ನಿಂತಾಗ ಹೇಳಬೇಕಾದ ಒಂದು ನಿಮಿಷದ ಮಾತನ್ನು ಮನೆಯಲ್ಲಿ ಹತ್ತು ಸಲ ಗಟ್ಟಿಯಾಗಿ ಹೇಳಿ ರೂಢಿ ಮಾಡಿಕೊಳ್ಳಿ. ಇಂಗ್ಲಿಷಿನ ಭಯ ಇರುವವರಿಗೆ ಇದಕ್ಕಿಂತ ಒಳ್ಳೆಯ ಉಪಾಯ ಇನ್ನೊಂದಿಲ್ಲ. ಒಂದು ನಿಮಿಷ ಬಾಯಿಗೆ ಬಂದರೆ ಮುಂದಿನದು ತಾನೇ ಬರುತ್ತದೆ.

ಪೇಪರ್ ವಿಚಾರದಲ್ಲಿ ಎಚ್ಚರ ಬೇಕು. ಪಿಎಚ್‌ಡಿ ಥೀಸಿಸ್ ಒಪ್ಪಿಸುವ ಮುನ್ನ ಪೇಪರ್ ಪ್ರಕಟಣೆ ಕಡ್ಡಾಯ ಎಂಬ ನಿಯಮವನ್ನು ಯುಜಿಸಿ 2022ರ ನಿಯಮಾವಳಿಯಲ್ಲಿ ತೆಗೆದಿದೆ. ನಿಮ್ಮ ವಿಶ್ವವಿದ್ಯಾಲಯದ ನಿಯಮ ಏನೆಂದು ಕೇಳಿಕೊಳ್ಳಿ. ಯುಜಿಸಿ ಒಪ್ಪಿದ ಜರ್ನಲ್‌ಗಳ ಕೇರ್ ಪಟ್ಟಿಯನ್ನೂ 2025ರಲ್ಲಿ ನಿಲ್ಲಿಸಲಾಗಿದೆ. ಹೀಗಾಗಿ ಒಳ್ಳೆಯ ಜರ್ನಲ್ ಯಾವುದು ಎಂದು ಗುರುತಿಸುವ ಹೊಣೆ ಈಗ ನಿಮ್ಮದು ಮತ್ತು ಗೈಡ್‌ರದು. ವಾಟ್ಸ್‌ಆ್ಯಪ್‌ನಲ್ಲಿ ‘ಮೂರು ದಿನದಲ್ಲಿ ಪ್ರಕಟಣೆ’ ಎಂದು ಬಂದರೆ ಅಲ್ಲಿಗೇ ಬಿಡಿ. ಸಂಪಾದಕ ಮಂಡಳಿಯ ಇಬ್ಬರ ಹೆಸರನ್ನು ಅವರ ಸಂಸ್ಥೆಯ ಪುಟದಲ್ಲಿ ಹುಡುಕಿ, ಸ್ಕೋಪಸ್ ಎಂಬ ಜರ್ನಲ್‌ ಪಟ್ಟಿಯಲ್ಲಿ ಜರ್ನಲ್‌ನ ಗುರುತಿನ ಸಂಖ್ಯೆ (ಐಎಸ್‌ಎಸ್‌ಎನ್) ಹಾಕಿ ನೋಡಿ. ಹೆಸರು ಒಂದೇ ಇದ್ದು ಸಂಖ್ಯೆ ಬೇರೆ ಇರುವ ನಕಲಿಗಳಿವೆ. ಕೃತಿಚೌರ್ಯದ 2018ರ ನಿಯಮದಂತೆ ಹೋಲಿಕೆ ಶೇ. 10ರವರೆಗೆ ದಂಡವಿಲ್ಲ, 10ರಿಂದ 40 ಇದ್ದರೆ ಥೀಸಿಸ್ ತಿದ್ದಿ ಮತ್ತೆ ಒಪ್ಪಿಸಬೇಕು, 40ರಿಂದ 60 ಆದರೆ ಒಂದು ವರ್ಷ ಒಪ್ಪಿಸುವಂತಿಲ್ಲ, 60 ದಾಟಿದರೆ ನೋಂದಣಿಯೇ ರದ್ದು. ವಿಧಾನದ ಅಧ್ಯಾಯದಲ್ಲೇ ಹೆಚ್ಚು ಹೋಲಿಕೆ ಬರುತ್ತದೆ. ಬೇರೆಯವರ ಪ್ರೋಟೋಕಾಲ್ ನಕಲು ಮಾಡುವ ಬದಲು ನೀವು ನಿಜವಾಗಿ ಹಾಕಿದ ಪ್ರಮಾಣ, ಹಿಡಿದ ಸಮಯ, ಬಳಸಿದ ಯಂತ್ರ ಬರೆದರೆ ಈ ತೊಂದರೆಯೇ ಇರುವುದಿಲ್ಲ.

ಪಾಠ ಮಾಡುವುದು, ಕಾರ್ಖಾನೆಗೆ ಹೋಗುವುದು

ಅದೇ 2022ರ ನಿಯಮಾವಳಿ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಬೋಧನೆ, ಬರವಣಿಗೆಯ ತರಬೇತಿ ಬೇಕೆನ್ನುತ್ತದೆ, ವಾರಕ್ಕೆ 4ರಿಂದ 6 ತಾಸು ಟ್ಯುಟೋರಿಯಲ್, ಲ್ಯಾಬ್, ಮೌಲ್ಯಮಾಪನದ ಕೆಲಸ ಕೊಡಬಹುದು ಎಂದೂ ಹೇಳುತ್ತದೆ. ಇದನ್ನು ಹೊರೆ ಎಂದುಕೊಳ್ಳದೆ ಕೇಳಿ ಪಡೆಯಿರಿ. ದಿನಾಂಕ, ತರಗತಿ, ವಿಷಯ ಬರೆದ ಒಂದು ಪುಸ್ತಕ ಇಟ್ಟು ಪ್ರತಿ ತಿಂಗಳು ಮುಖ್ಯಸ್ಥರ ಸಹಿ ಹಾಕಿಸಿ. ಮುಂದೆ ಅನುಭವ ಪತ್ರ ಕೇಳುವಾಗ ಆ ಪುಸ್ತಕವೇ ಆಧಾರ. ಕನ್ನಡದಲ್ಲಿ ನಿಮ್ಮ ಸಂಶೋಧನೆಯ ಬಗ್ಗೆ 600 ಪದ ಬರೆದು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ಕ್ಕೆ ಕಳಿಸಿ. ಹೈಸ್ಕೂಲು ಮಕ್ಕಳಿಗೆ ತಿಳಿಯುವಂತೆ ಬರೆಯಲು ಹೊರಟಾಗ ನಿಮಗೇ ತಿಳಿಯದ ಜಾಗಗಳು ಕಣ್ಣಿಗೆ ಬೀಳುತ್ತವೆ.

ಎಲ್ಲರೂ ಅಧ್ಯಾಪಕರಾಗಬೇಕಿಲ್ಲ. ಸೇಡಂ, ಮಳಖೇಡ, ವಾಡಿಯ ಸಿಮೆಂಟ್ ಕಾರ್ಖಾನೆಗಳಲ್ಲಿ, ಬೀದರಿನ ಕೊಳಾರ ಮತ್ತು ಯಾದಗಿರಿಯ ಕಡೇಚೂರು ಕೈಗಾರಿಕಾ ಪ್ರದೇಶಗಳಲ್ಲಿ ಗುಣಮಟ್ಟ ವಿಭಾಗದ ರಸಾಯನಶಾಸ್ತ್ರಜ್ಞರು ಬೇಕಾಗುತ್ತಾರೆ. ಅಲ್ಲಿ ಕೇಳುವುದು ಸಿದ್ಧಾಂತಕ್ಕಿಂತ ಕೈಕೆಲಸ: ಬ್ಯಾಲೆನ್ಸ್ ಕ್ಯಾಲಿಬ್ರೇಷನ್, ದ್ರಾವಣ ಸ್ಟ್ಯಾಂಡರ್ಡೈಸ್ ಮಾಡುವುದು, ಎಚ್‌ಪಿಎಲ್‌ಸಿ ಮೊಬೈಲ್ ಫೇಸ್ ಸಿದ್ಧಪಡಿಸುವುದು, ತಪ್ಪಾದ ಅಂಕಿಯನ್ನು ಅಳಿಸದೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ, ದಿನಾಂಕ ಹಾಕುವುದು. ಈ ಕೊನೆಯ ಅಭ್ಯಾಸವನ್ನು ಎಂಎಸ್ಸಿ ರೆಕಾರ್ಡ್ ಪುಸ್ತಕದಿಂದಲೇ ಶುರು ಮಾಡಿ. ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ ಎನ್‌ಎಬಿಎಲ್‌ನ ಮಾನ್ಯತೆ ಇರುವ ಲ್ಯಾಬಿನಲ್ಲಿ ಮೂರು ತಿಂಗಳು ಕಳೆದವರಿಗೆ ಇದೆಲ್ಲ ರೂಢಿಯಾಗಿರುತ್ತದೆ.

ತರಬೇತಿ ಎಲ್ಲೇ ಮಾಡಿರಿ, ಹೊರಡುವ ಹಿಂದಿನ ದಿನವೇ ಪ್ರಮಾಣಪತ್ರ ಕೈಗೆ ತೆಗೆದುಕೊಳ್ಳಿ. ಆರಂಭದ ಮತ್ತು ಮುಗಿದ ದಿನಾಂಕ, ಕೆಲಸದ ಶೀರ್ಷಿಕೆ, ನೀವೇ ಮಾಡಿದ ತಂತ್ರಗಳ ಹೆಸರು, ಲೆಟರ್‌ಹೆಡ್, ವಿಜ್ಞಾನಿಯ ಸಹಿ ಅದರಲ್ಲಿರಲಿ. ನೋಟ್‌ಬುಕ್ ಆ ಲ್ಯಾಬಿಗೆ ಸೇರಿದ್ದು, ಅದನ್ನು ಅಲ್ಲೇ ಬಿಡಿ. ನಿಮಗೆ ಬೇಕಾದ ಪುಟಗಳ ಫೋಟೋ ತೆಗೆಯುವ ಮುನ್ನ ಕೇಳಿ. ಮಾಡಿದ ಕೆಲಸದ ಎರಡು ಪುಟದ ವರದಿಯನ್ನು ಅವರಿಗೂ, ಶಿಫಾರಸು ಪತ್ರ ಬರೆದುಕೊಟ್ಟ ನಿಮ್ಮ ಗುರುಗಳಿಗೂ ಒಂದೇ ವಾರದಲ್ಲಿ ಕಳಿಸಿ.